ಆಕಾಶಕ್ಕೆ ತಿರುಗಿಸಿದ ನಗ್ಗು

ಹೆಂಡತಿಯ ಕಣ್ಣಿಗೆ ಬೆಳಗಿನ ಹನಿ ಹಾಕುವಾಗ ಅವನ ಕೈಯಿಂದ ಒಂದು ತೊಟ್ಟು ಗುರಿ ತಪ್ಪಿ ಅವಳ ಕೆನ್ನೆಯ ಮೇಲೆ ಬಿತ್ತು. "ಕಣ್ಣು ಇಲ್ಲಿದೆ ರೀ," ಎಂದಳು ಅವಳು, ಗೋಡೆಗೆ ಒರಗಿಸಿದ ತಲೆಯನ್ನು ಅಲ್ಲಾಡಿಸದೆ. ರೆಪ್ಪೆ ಬಿಡಿಸಿ ಇನ್ನೊಂದು ಸಲ ಹಾಕಿದ. ಪೊರೆ ತೆಗೆಸಿದ ಮೇಲೆ ಆ ಕಣ್ಣಿಗೆ ಏನೋ ಹೊಸ ಹೊಳಪು ಬಂದಿತ್ತು. ಅದರೊಳಗೆ ಕಿಟಕಿ, ಕಿಟಕಿಯ ಸರಳು, ಸರಳಿನ ಮುಂದೆ ಬಾಗಿದ ತನ್ನ ಬೋಳುತಲೆ ಎಲ್ಲ ಕಾಣುತ್ತಿತ್ತು. ಎಷ್ಟೋ ವರ್ಷದಿಂದ ಅವಳಿಗೆ ಅವನು ಒಂದು ಆಕಾರ, ಒಂದು ಕೆಮ್ಮು, ಹೊಸಿಲಲ್ಲಿ ಬಿಡುವ ಚಪ್ಪಲಿಯ ಸದ್ದು ಅಷ್ಟೇ ಆಗಿದ್ದ. ಅವನಿಗೂ ಅದು ಒಗ್ಗಿಹೋಗಿತ್ತು. ಮಬ್ಬು ಬೆಳಕಿನ ಕೋಣೆಯಲ್ಲಿ ಅಂಗಿಯ ಕೊಳೆ ಕಾಣದ ಹಾಗೆ ಒಂದು ನೆಮ್ಮದಿ. ಕಟ್ಟು ಬಿಚ್ಚಿದ ದಿನ ಅವಳು ಮೊದಲು ನೋಡಿದ್ದು ಅವನ ಮುಖವನ್ನೇ. "ಇಷ್ಟು ಮುದುಕರಾಗಿದ್ದೀರಾ? ನಂಗೆ ಯಾರೂ ಹೇಳ್ಲೇ ಇಲ್ವಲ್ಲ!" ಎಂದಿದ್ದಳು. ಮಗಳು ನಕ್ಕಿದ್ದಳು, ನರ್ಸು ನಕ್ಕಿದ್ದಳು, ಅವನೂ ನಕ್ಕಿದ್ದ. ನಗುತ್ತಲೇ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿನೊಳಗೆ ಇಟ್ಟುಕೊಂಡಿದ್ದ.

"ಅಮ್ಮಾ, ಹನಿ ಹಾಕಿದ್ದಾಯ್ತಾ?" ಒಳಕೋಣೆಯಿಂದ ಮಗಳು ಕೂಗಿದಳು. "ಸ್ವಲ್ಪ ಹೊತ್ತು ಕಣ್ಣು ಮುಚ್ಕೊಂಡಿರು. ಆಮೇಲೆ ಬಾ, ವಿಮಾನ ತೋರಿಸ್ತೀನಿ. ನೀನು ನೋಡಿದ ಮೇಲೇ ಕಳಿಸೋದು."

"ನಾನೇನು ಪೈಲಟ್ಟೇನೇ, ನಾನು ನೋಡಿ ಪಾಸು ಮಾಡೋಕೆ?"

"ಹೊಸ ಕಣ್ಣಲ್ವಾ, ಅದಕ್ಕೇ. ಅಪ್ಪ ನೋಡಿ ಆಯ್ತು. ಅಪ್ಪ ಏನು ಕೇಳಿದ್ರೂ ಹೂಂ ಅಂತಾರೆ."

ಅವನು ಹನಿಯ ಶೀಸೆಯ ಮುಚ್ಚಳ ತಿರುಗಿಸುತ್ತಿದ್ದ. ತಿರುಗಿಸಿ ಬಿಗಿಯಾದ ಮೇಲೂ ತಿರುಗಿಸುತ್ತಲೇ ಇದ್ದ.

ವಿಮಾನವೆಂದರೆ ಪಾರ್ಕಿನ ವಿಮಾನ. ಯಾವುದೋ ಹಳೆಯ ಯುದ್ಧದಲ್ಲಿ ಹಾರಾಡಿ, ಆಮೇಲೆ ಯಾರಿಗೂ ಬೇಡವಾಗಿ ಈ ಊರಿಗೆ ಬಂದದ್ದು. ಒಬ್ಬನೇ ಕೂರುವಂಥ, ಮುಂದೆ ದೊಡ್ಡ ಪಂಖವಿರುವ ಸಣ್ಣ ಯುದ್ಧವಿಮಾನ. ಎತ್ತರದ ಸಿಮೆಂಟ್ ಕಂಬದ ಮೇಲೆ ಅದನ್ನು ಮೂತಿ ಮೇಲೆತ್ತಿ ನಿಲ್ಲಿಸಿದ್ದರು. ಅದರ ನೆರಳಿನಲ್ಲಿ ಮಕ್ಕಳು ಆಡುತ್ತಿದ್ದವು, ಅದರ ರೆಕ್ಕೆಯ ಮೇಲೆ ಪಾರಿವಾಳಗಳು ಕೂರುತ್ತಿದ್ದವು, ಬೇರೆ ಯಾರೂ ಅದನ್ನು ಕತ್ತೆತ್ತಿ ನೋಡುತ್ತಿರಲಿಲ್ಲ. ಮಗಳು ನೋಡಿದಳು. ಅವಳ ಕೆಲಸವೇ ಅದು. ಹಳೆಯ ಬೀದಿದೀಪ, ಹಳೆಯ ಟೆಲಿಫೋನು, ತುಕ್ಕು ಹಿಡಿದ ಗೇಟು, ಇಂಥವನ್ನು ಸುತ್ತಲಿಂದ ಫೋಟೋ ಹಿಡಿದು ಕಂಪ್ಯೂಟರಿನೊಳಗೆ ಅದೇ ವಸ್ತುವನ್ನು ಮತ್ತೆ ಕಟ್ಟುತ್ತಾಳೆ. ಸಿನಿಮಾ ತೆಗೆಯುವವರು, ಕಂಪ್ಯೂಟರ್ ಆಟ ಮಾಡುವವರು, ಕಾಮಿಕ್ಸ್ ಬಿಡಿಸುವವರು ಅದನ್ನು ತೆಗೆದುಕೊಂಡು ತಮಗೆ ಬೇಕಾದಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಈ ವಿಮಾನಕ್ಕಾಗಿ ಅವಳು ಉದ್ದನೆಯ ಕೋಲಿನ ತುದಿಗೆ ಕ್ಯಾಮೆರಾ ಕಟ್ಟಿಕೊಂಡು ಪಾರ್ಕಿನಲ್ಲಿ ಬಿಸಿಲಲ್ಲಿ ಅಲೆದಿದ್ದಳು. ಅವನೂ ಜೊತೆಗೆ ಹೋಗಿ ಕೋಲಿನ ಬುಡ ಹಿಡಿದು ನಿಂತಿದ್ದ. ಕೋಲು ಮೂತಿಯ ಕಡೆ ಏರಿದಾಗ ಅವನಿಗೆ ಹೊಳೆದಿರಲಿಲ್ಲ. ನಿಜಕ್ಕೂ ಹೊಳೆದಿರಲಿಲ್ಲವೇ? ಕೈ ಮಾತ್ರ ಒಂದು ಕ್ಷಣ ಸಡಿಲವಾಗಿ ಕೋಲು ಓಲಾಡಿತ್ತು. "ಅಪ್ಪಾ, ಗಟ್ಟಿ ಹಿಡ್ಕೋ, ಇಲ್ಲೇ ಬೇಕಾಗಿರೋದು," ಎಂದಿದ್ದಳು ಮಗಳು. ಅವನು ಗಟ್ಟಿ ಹಿಡಿದುಕೊಂಡಿದ್ದ.

ಮೊನ್ನೆ ಅವಳು ಕರೆದು ತೋರಿಸಿದಳು. ಕಪ್ಪು ಪರದೆಯ ಮೇಲೆ ವಿಮಾನ ಕಂಬವಿಲ್ಲದೆ, ಹಗ್ಗವಿಲ್ಲದೆ ನಿಂತಿತ್ತು. ಅವಳ ಬೆರಳು ಆಡಿದ ಹಾಗೆಲ್ಲ ಮಗ್ಗುಲಾಯಿತು, ಹೊಟ್ಟೆ ತೋರಿಸಿತು, ಬಾಲ ತಿರುಗಿಸಿತು. ರೆಕ್ಕೆಯ ಮೇಲಿನ ರಿವೆಟ್ಟುಗಳು ಸಾಲುಸಾಲಾಗಿ ಕಂಡವು. ಅವುಗಳಲ್ಲಿ ತಾನು ಹೊಡೆದವು ಯಾವುವೆಂದು ಅವನಿಗೆ ಕೂಡಲೇ ಗೊತ್ತಾಯಿತು. ಸಾಲಿನಲ್ಲಿ ಕುಡಿದವನ ನಡಿಗೆಯ ಹಾಗೆ ಒಂದಿಷ್ಟು ಸೊಟ್ಟಗಿದ್ದವು ಅವನವು. ಅದನ್ನೇ ನೋಡಿ ಮುಖ ಬೆಚ್ಚಗಾಗಿತ್ತು. ಅಷ್ಟರಲ್ಲಿ ಮಗಳು ವಿಮಾನವನ್ನು ತನ್ನ ಕಡೆ ಎಳೆದುಕೊಂಡಳು, ಮೂತಿ ದೊಡ್ಡದಾಗುತ್ತ ದೊಡ್ಡದಾಗುತ್ತ ಪರದೆ ತುಂಬ ಬಂತು. ಪಂಖದ ನಟ್ಟನಡುವಿನ ಆ ಬೋಳು ಟೊಪ್ಪಿಗೆ. ಅದರ ಮೇಲ್ಗಡೆ, ಆಕಾಶ ನೋಡುವ ಕಡೆ, ಹೆಬ್ಬೆರಳು ಒತ್ತಿದ ಹಾಗೆ ಒಂದು ನಗ್ಗು.

"ನೋಡು, ಏನು ಸಿಕ್ಕಿದೆ ಅಂತ. ಕೆಳಗಿಂದ ಯಾರಿಗೂ ಕಾಣಲ್ಲ ಇದು. ಗುಂಡು ತಾಗಿ ಜಾರಿಹೋಗಿರೋದು, ಅಲ್ವಾ? ಆಮೇಲೆ ಇನ್ನೊಂದು. ಪುಸ್ತಕದಲ್ಲಿರೋ ಚಿತ್ರದಲ್ಲೆಲ್ಲ ಈ ಮೂತಿ ಚೂಪಾಗಿದೆ, ಇದು ಮಾತ್ರ ಗುಂಡಗಿದೆ. ಇದೇನೋ ಅಪರೂಪದ ಜಾತಿ ಇರ್ಬೇಕು. ನೀನೇ ತಾನೇ ಅಪ್ಪ ಆಗ ಇದನ್ನ ರಿಪೇರಿ ಮಾಡಿದ್ದು? ಈ ನಗ್ಗು ಆಗ್ಲೂ ಇತ್ತಾ?"

"ಹೂಂ," ಎಂದ ಅವನು. "ಆಗ್ಲೇ ಇತ್ತು."

ಸುಳ್ಳಲ್ಲ. ಆಗಲೇ ಇತ್ತು. ಮಗಳು ಕುರ್ಚಿಯಲ್ಲೇ ಒಂದು ಸಣ್ಣ ಕುಣಿತ ಕುಣಿದು ಏನೋ ಬರೆದುಕೊಂಡಳು. ಅವನು ಹಿತ್ತಲಿಗೆ ಹೋಗಿ ಒಣಗದ ಬಟ್ಟೆಗಳನ್ನು ಮುಟ್ಟಿಮುಟ್ಟಿ ನೋಡುತ್ತ ನಿಂತ. ಸುಳ್ಳು ಹೇಳಿದ್ದರೂ ಇಷ್ಟು ಅಸಹ್ಯವಾಗುತ್ತಿರಲಿಲ್ಲ. ಸುಳ್ಳೂ ಆಗದ ಹಾಗೆ, ನಿಜವೂ ಆಗದ ಹಾಗೆ, ಸಂದಿಯಲ್ಲಿ ತೂರಿಕೊಂಡು ಬಂದಿತ್ತು ಆ ಹೂಂ; ಅಷ್ಟು ಸಲೀಸಾಗಿ ಬಂದದ್ದೇ ಅವನನ್ನು ಹೆದರಿಸಿತು. ತನಗೆ ಇದು ರೂಢಿಯಾಗಿದೆ.

ಈಗ ಅವನು ಅಡುಗೆಮನೆಯಲ್ಲಿ ಚಹಾಕ್ಕೆ ನೀರಿಟ್ಟ. ಎಣ್ಣೆಯ ಡಬ್ಬಿಯ ಪಕ್ಕದ ಮೊಳೆಯಲ್ಲಿ ಲಾಳಿಕೆ ನೇತಾಡುತ್ತಿತ್ತು. ಅದನ್ನೂ ಪ್ರತಿ ದಿನ ನೋಡುತ್ತಾನೆ. ನೋಡದ ಹಾಗೆ ನೋಡುವುದೂ ರೂಢಿಯಾಗಿದೆ. ಒಳ್ಳೆಯ ಅಲ್ಯೂಮಿನಿಯಂ ತಗಡಿನ ಲಾಳಿಕೆ. ಅಷ್ಟು ದಪ್ಪದ ತಗಡನ್ನು ಲಾಳಿಕೆಗೆ ಯಾರೂ ಬಳಸುವುದಿಲ್ಲ. ಆ ತಗಡನ್ನು, ವಿಮಾನ ನಿಲ್ಲಿಸುವಾಗ, ಕೆಲಸದ ಉಸ್ತುವಾರಿಯವನು ಹೆಗಲ ಮೇಲೆ ಹೊತ್ತು ತಂದು ಪಾರ್ಕಿನ ಹುಲ್ಲಿನ ಮೇಲೆ ಹಾಸಿದ್ದ. ಬಿಸಿಲಿಗೆ ಅದು ಕೆರೆಯ ನೀರಿನ ಹಾಗೆ ಹೊಳೆದಿತ್ತು. ವಿಮಾನದ ಮೂತಿಯ ಟೊಪ್ಪಿಗೆ ಲಾರಿಯಲ್ಲಿ ಬರುವಾಗ ಎಲ್ಲೋ ಕಳಚಿ ಬಿದ್ದುಹೋಗಿತ್ತು. ದೊಡ್ಡವರು ಯಾರೋ ಬಂದು ಉದ್ಘಾಟನೆಯ ಪರದೆ ಎಳೆಯುವುದರೊಳಗೆ ಹೊಸದು ಆಗಬೇಕಿತ್ತು. "ಎರಡು ತಗಡು ತರಿಸ್ಲಾ?" ಎಂದು ಕೇಳಿದ್ದ ಉಸ್ತುವಾರಿಯವನು. ಸುತ್ತ ಬಣ್ಣ ಬಳಿಯುವವರು, ಗಾರೆಯವರು, ತೋಟದವರು ನಿಂತಿದ್ದರು. "ಎರಡನೇದು ಯಾಕೆ ಸ್ವಾಮಿ, ಹೊದ್ಕೊಂಡು ಮಲಗೋಕಾ?" ಎಂದಿದ್ದ ಅವನು. ಎಲ್ಲರೂ ನಕ್ಕಿದ್ದರು. ಆಗ ಅವನ ಕೈ ಊರಿಗೇ ಹೆಸರಾಗಿತ್ತು. ಟ್ರಂಕು, ಬಕೆಟ್ಟು, ಡಬ್ಬಿ ಏನು ಮಾಡಿದರೂ ಬೆಸುಗೆಯ ಗೆರೆ ಕಣ್ಣಿಗೆ ಕಾಣುತ್ತಿರಲಿಲ್ಲ. ಡಬ್ಬಿಯಣ್ಣ ಎಂದೇ ಕರೆಯುತ್ತಿದ್ದರು. ಡಬ್ಬಿಯಣ್ಣ ಗೆರೆ ಎಳೆದ, ಕತ್ತರಿ ಹಿಡಿದ, ಬೀಡಿ ಬಾಯಲ್ಲಿಟ್ಟುಕೊಂಡು ಒಂದೇ ಉಸಿರಿಗೆ ಕತ್ತರಿಸಿದ. ಎತ್ತಿ ಸುತ್ತಿ ನೋಡಿದರೆ ಅಂಚಿಗೆ ಅಂಚು ಬರೀ ತಾಗಿ ನಿಂತಿತು. ಮಡಿಕೆಗೆ ಬಿಡಬೇಕಾದ ಅಂಚನ್ನೇ ಬಿಟ್ಟಿರಲಿಲ್ಲ. ತಗಡಿನ ಕೆಲಸ ಕಲಿಯಲು ಬಂದವನಿಗೆ ಮೊದಲ ದಿನ ಹೇಳುವ ಮಾತು ಅದು: ಒಂದರ ಮೇಲೊಂದು ಮಡಿಸುವುದಕ್ಕೆ ಬೆರಳಗಲ ಬಿಡು. ಸುತ್ತ ಯಾರಾದರೂ ನೋಡಿದರೇ ಎಂದು ಕತ್ತು ತಿರುಗಿಸಿದ. ಎಲ್ಲರೂ ಊಟಕ್ಕೆ ಕೂತಿದ್ದರು. ಗಾರೆಯವನೊಬ್ಬ ಕೈ ಎತ್ತಿ, "ಆಯ್ತಾ ಡಬ್ಬಿಯಣ್ಣ?" ಎಂದು ಕೇಳಿದ. "ಆಯ್ತು," ಎಂದ. ತಗಡನ್ನು ಸುರುಳಿ ಸುತ್ತಿ ಗೋಣಿಯಲ್ಲಿ ಸೇರಿಸಿದ. ಉಸ್ತುವಾರಿಯವನ ಮುಂದೆ ಹೋಗಿ ಇನ್ನೊಂದು ತಗಡು ಕೇಳಬಹುದಾಗಿತ್ತು. ಅವನು ಬೈಯುತ್ತಿರಲಿಲ್ಲ, ಬಹುಶಃ ನಗುತ್ತಿದ್ದ, ಅಷ್ಟೇ. ಎಲ್ಲರೂ ಒಂದು ದಿನ ನಗುತ್ತಿದ್ದರು, ಮಾರನೇ ದಿನ ಮರೆಯುತ್ತಿದ್ದರು.

"ನೀರು ಉಕ್ತಾ ಇದೆ ಅನ್ಸುತ್ತೆ," ಎಂದಳು ಹೆಂಡತಿ ಹೊರಗಿನ ಮಂಚದಿಂದ. ಕಣ್ಣು ಮುಚ್ಚಿಕೊಂಡೇ ಇದ್ದಳು. ಅವನು ಒಲೆ ಸಣ್ಣ ಮಾಡಿದ.

"ಇವತ್ತು ನೋಡ್ಲೇಬೇಕಾ ಅದನ್ನ?" ಲೋಟ ಅವಳ ಕೈಗೆ ಕೊಡುತ್ತ ಕೇಳಿದ. "ಕಣ್ಣಿಗೆ ಆಯಾಸ ಆಗುತ್ತೆ. ಆ ಪರದೆ ಬೆಳಕು ಒಳ್ಳೇದಲ್ಲ ಅಂದಿದ್ರು ಡಾಕ್ಟ್ರು."

"ಡಾಕ್ಟ್ರು ಹಾಗೆ ಅಂದಿದ್ದು ನಿಮ್ಮ ಟೀವಿ ಬಗ್ಗೆ. ಮಗಳು ಇಷ್ಟು ದಿನದಿಂದ ಮಾಡಿರೋದು, ನೋಡಿದ್ರೆ ಏನು ಹೋಗುತ್ತೆ? ನಿಮಗ್ಯಾಕೆ ಅಷ್ಟು ಕಷ್ಟ?"

"ಕಷ್ಟ ಏನಿಲ್ಲ."

ಅವಳು ಚಹಾ ಊದಿ ಕುಡಿದಳು. ಆಮೇಲೆ, "ಹೊಲಿಗೆಯವಳು ಬಂದಿದ್ಲು ಆಸ್ಪತ್ರೆಗೆ. ನಿಮಗೆ ಹೇಳ್ಲಿಲ್ಲ," ಎಂದಳು.

ಅವನು ಮಂಚದ ಹೊದಿಕೆಯ ಸುಕ್ಕನ್ನು ಎಳೆದು ಸರಿ ಮಾಡಿದ.

"ಒಂದೇ ಬೆಂಚಲ್ಲಿ ಕೂತಿದ್ವಿ. ನನ್ನ ಕಣ್ಣು ಆಗ ಕಟ್ಟಿದ್ರು, ಅವಳ ದನಿ ಕೇಳಿ ಗೊತ್ತಾಯ್ತು. ಅವಳಿಗೆ ನಾನಿದ್ದದ್ದು ಗೊತ್ತಾಯ್ತೋ ಇಲ್ವೋ. ಅವಳ ಕಣ್ಣು ಇನ್ನು ಬರಲ್ವಂತೆ. ಡಾಕ್ಟ್ರು ಹೇಳಿದ್ರು, ನರಾನೇ ಒಣಗಿದೆ, ಏನೂ ಮಾಡೋ ಹಾಗಿಲ್ಲ ಅಂತ. ಅದಕ್ಕೆ ಅವಳೇನಂದ್ಲು ಗೊತ್ತಾ? ಪರವಾಗಿಲ್ಲ ಬಿಡಿ ಸಾರ್, ಸೂಜಿಗೆ ದಾರ ಪೋಣಿಸಿ ಪೋಣಿಸಿ ಸಾಕಾಗಿತ್ತು ಅಂದ್ಲು." ಹೆಂಡತಿ ನಕ್ಕಳು. ಮುಚ್ಚಿದ ರೆಪ್ಪೆಯ ಕೆಳಗಿನಿಂದ ಹನಿಯೋ ನೀರೋ ಇಳಿಯಿತು. "ಅವಳು ಹಾಗೇ. ಮೊದಲಿಂದ್ಲೂ ಹಾಗೇ."

ಮೊದಲಿಂದ ಎಂದರೆ ಗೋಡೆಗೆ ಗೋಡೆ ತಾಗಿದ ಹಳೆಯ ಮನೆಗಳಲ್ಲಿದ್ದಾಗಿನಿಂದ. ಆ ಕಡೆಯ ಹೊಲಿಗೆ ಯಂತ್ರದ ಸದ್ದು ಈ ಕಡೆಯ ತೊಟ್ಟಿಲಿಗೆ ಕೇಳುತ್ತಿತ್ತು. ಮಗಳು ಆ ಸದ್ದಿಗೇ ಮಲಗುತ್ತಿದ್ದಳು, ಅದು ನಿಂತರೆ ಏಳುತ್ತಿದ್ದಳು. ಎರಡು ಮನೆಗೂ ಸೇರಿ ಒಂದೇ ದೊಡ್ಡ ಅಲ್ಯೂಮಿನಿಯಂ ಪಾತ್ರೆ. ಪಾತ್ರೆ ಹೆಂಡತಿಯದು, ಆದರೆ ವಾರದ ಅರ್ಧದಷ್ಟು ದಿನ ಆ ಮನೆಯಲ್ಲಿರುತ್ತಿತ್ತು. ಹೊಲಿಗೆಯವಳು ಅದರಲ್ಲಿ ಬಟ್ಟೆಗೆ ಬಣ್ಣ ಹಾಕುತ್ತಿದ್ದಳು. ಎಷ್ಟು ಉಜ್ಜಿದರೂ ಪಾತ್ರೆಯ ಒಳಗೆ ನೀಲಿ ಹೋಗುತ್ತಿರಲಿಲ್ಲ. ಅದರಲ್ಲಿ ನೀರು ಕಾಯಿಸಿ ಸ್ನಾನ ಮಾಡಿದರೆ, "ಇವತ್ತು ನಿಮ್ಮೋರು ಯಾವ ಬಣ್ಣ?" ಎಂದು ಗೋಡೆಯಾಚೆಯಿಂದ ಕೇಳುತ್ತಿದ್ದಳು. ಒಂದು ದಿನ ನಲ್ಲಿಯ ಹತ್ತಿರ ತುಂಬಿದ ಪಾತ್ರೆಯನ್ನು ಹೆಂಗಸರಿಬ್ಬರೂ ಎರಡು ಕಡೆ ಹಿಡಿದು ಎತ್ತುವಾಗ ಅದೇನೋ ನೆನಪಾಗಿ ನಕ್ಕು, ನಗು ತಡೆಯಲಾರದೆ ಹೊಲಿಗೆಯವಳು ಕೈಬಿಟ್ಟಳು. ಪಾತ್ರೆ ಕಲ್ಲಿನ ಮೂಲೆಗೆ ಬಡಿದು ತಳದ ದುಂಡಿನಲ್ಲಿ ಹೆಬ್ಬೆರಳು ಒತ್ತಿದ ಹಾಗೆ ನಗ್ಗಿತು. ನೀರೆಲ್ಲ ಹರಿದುಹೋದ ಮೇಲೂ ಇಬ್ಬರೂ ಕೆಸರಲ್ಲಿ ಕೂತು ನಗುತ್ತಿದ್ದರು. "ಕೊಡಿ, ಒಂದೇಟು ಹೊಡೆದು ಸರಿ ಮಾಡ್ತೀನಿ," ಎಂದ ಅವನು. "ಬೇಡ ಡಬ್ಬಿಯಣ್ಣ," ಎಂದಿದ್ದಳು ಹೊಲಿಗೆಯವಳು. "ಅದು ನನ್ನ ರುಜು. ನಾಳೆ ಇವಳು ಪಾತ್ರೆ ತಂದೇ ಇಲ್ಲ ಅಂದ್ರೆ ತೋರಿಸೋಕೆ ಬೇಕು."

ತಗಡು ಹಾಳಾದ ದಿನ ಸಂಜೆ ಮನೆಗೆ ಬಂದಾಗ ಆ ಪಾತ್ರೆ ಹಿತ್ತಲ ಕಟ್ಟೆಯ ಮೇಲೆ ಬೋರಲಾಗಿತ್ತು. ಬೋರಲು ಬಿದ್ದ ಅದರ ತಳ ವಿಮಾನದ ಮೂತಿಯ ಹಾಗೇ ಕಂಡಿತು. ಅವನು ಯೋಚನೆಯನ್ನೇನೂ ಮಾಡಲಿಲ್ಲ. ಯೋಚನೆ ಮಾಡಿದ್ದರೆ ಹೆಂಡತಿಯನ್ನು ಕೇಳುತ್ತಿದ್ದ. ಕೇಳಿದ್ದರೆ ಅವಳು ಯಾಕೆಂದು ಕೇಳುತ್ತಿದ್ದಳು, ಆಗ ತಗಡಿನ ಮಾತು ಬರುತ್ತಿತ್ತು. ಪಾತ್ರೆಯನ್ನು ಗೋಣಿಯಲ್ಲಿ ಹಾಕಿಕೊಂಡು ಹೋದ. ಬಾಯಿಯ ಕಂಠ ಕತ್ತರಿಸಿ, ಮರದ ಕೊಡತಿಯಿಂದ ಬಡಿದು ತುದಿಯನ್ನು ಸ್ವಲ್ಪ ಮೊನೆ ಮಾಡಿ, ಪಂಖದ ನಡುವೆ ಕೂರಿಸಿ ರಿವೆಟ್ ಹೊಡೆದ. ನಗ್ಗನ್ನು ಎತ್ತಲು ಒಳಗಿನಿಂದ ಒಂದು ಏಟು ಸಾಕಾಗಿತ್ತು. ಕೊಡತಿ ಎತ್ತಿ ಹಿಡಿದು, ಯಾಕೋ ಹೊಡೆಯಲಾರದೆ ಇಳಿಸಿ, ಆ ಭಾಗವನ್ನು ಆಕಾಶದ ಕಡೆ ತಿರುಗಿಸಿ ಕೂರಿಸಿದ. ಬಣ್ಣದವನು ಬಣ್ಣ ಬಳಿದ. ಪರದೆ ಎಳೆದ ದಿನ ಚಪ್ಪಾಳೆಯಾಯಿತು. ಉಸ್ತುವಾರಿಯವನು ಅವನ ಬೆನ್ನು ತಟ್ಟಿ, "ಒಂದೇ ತಗಡಲ್ಲಿ ಮುಗಿಸ್ದ ನೋಡಿ!" ಎಂದು ನಾಲ್ಕು ಜನಕ್ಕೆ ಕೇಳುವಂತೆ ಹೇಳಿದ.

ಆ ಹೊತ್ತಿಗೆ ಮನೆಯಲ್ಲಿ ಪಾತ್ರೆಯ ಹುಡುಕಾಟ ಮುಗಿದಿತ್ತು. ಹೆಂಡತಿ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಗೋಡೆಯ ಹತ್ತಿರ ನಿಂತು, "ನಿನ್ನ ಮನೇಲೇ ಉಳೀತೇನೋ, ಒಂದ್ಸಲ ನೋಡೇ," ಎಂದಳು. ಮೊದಲ ಸಲ ಹಾಗೆ. ಎರಡನೇ ಸಲ ದನಿ ಬೇರೆಯಿತ್ತು. ಮೂರನೇ ಸಲ, "ಬೇಕು ಅಂದಿದ್ರೆ ಕೇಳಿ ತಗೋಬಹುದಿತ್ತು," ಎಂದುಬಿಟ್ಟಳು. ಅವನು ಅಂಗಳದಲ್ಲಿ ಕನ್ನಡಿ ನೇತುಹಾಕಿಕೊಂಡು ಗಡ್ಡ ಮಾಡಿಕೊಳ್ಳುತ್ತಿದ್ದ. ಹೊಲಿಗೆಯವಳು ಒಳಗೆ ಹೋದಳು. ತನ್ನ ಮನೆಯ ಪಾತ್ರೆಗಳನ್ನೆಲ್ಲ, ತಟ್ಟೆ ಲೋಟ ಚಮಚಗಳನ್ನೂ ಸೇರಿಸಿ, ಒಂದೊಂದಾಗಿ ತಂದು ಅಂಗಳದಲ್ಲಿ ಎಲ್ಲರ ಕಣ್ಣೆದುರು ಜೋಡಿಸಿದಳು. ಬೀದಿಯವರು ಬಾಗಿಲಿಗೆ ಬಂದು ನಿಂತರು. ಬಡವರ ಮನೆಯ ಪಾತ್ರೆಗಳು ಬಿಸಿಲಲ್ಲಿ ಅಷ್ಟು ಸಣ್ಣದಾಗಿ ಕಾಣುತ್ತವೆಂದು ಅವನಿಗೆ ಗೊತ್ತಿರಲಿಲ್ಲ. "ನೋಡ್ಕೋ," ಎಂದಳು. ಆಮೇಲೆ ಅವನ ಕಡೆ ತಿರುಗಿ, "ನೀವೂ ನೋಡಿ ಡಬ್ಬಿಯಣ್ಣ. ನೀವು ಪಾತ್ರೆ ಬಲ್ಲೋರು," ಎಂದಳು. ಅವನ ಒಂದು ಕೆನ್ನೆ ಬೋಳು, ಇನ್ನೊಂದು ಕೆನ್ನೆಯ ತುಂಬ ಸೋಪಿನ ನೊರೆ. ಆಗ ಹೇಳಬಹುದಾಗಿತ್ತು. ನಾಲಿಗೆ ತುದಿಯವರೆಗೆ ಬಂದದ್ದೂ ನಿಜ. ಆದರೆ ಪಾತ್ರೆ ಆಗಲೇ ಕಂಬದ ಮೇಲಿತ್ತು, ಅದಕ್ಕೆ ಚಪ್ಪಾಳೆ ತಟ್ಟಿಯಾಗಿತ್ತು. ಅವನು ಕನ್ನಡಿಯ ಕಡೆ ತಿರುಗಿ ಉಳಿದ ಕೆನ್ನೆಯನ್ನು ಕೆರೆದುಕೊಂಡ. ಸ್ವಲ್ಪ ದಿನಕ್ಕೆ ಹೊಲಿಗೆ ಯಂತ್ರದ ಸದ್ದು ನಿಂತಿತು, ಅವಳು ಊರಿನ ಆ ಕೊನೆಗೆ ಮನೆ ಬದಲಿಸಿದಳು. ಮಗಳು ಎಷ್ಟೋ ದಿನ ಮಲಗದೆ ಅತ್ತಳು.

"ಬಾಮ್ಮಾ, ರೆಡಿ!" ಎಂದಳು ಮಗಳು.

ಹೆಂಡತಿ ಗೋಡೆ ಹಿಡಿಯದೆ ನಡೆದು ಒಳಗೆ ಹೋದಳು. ಅವನು ಬಾಗಿಲ ಚೌಕಟ್ಟಿನ ಹತ್ತಿರ, ಅರ್ಧ ಒಳಗೆ ಅರ್ಧ ಹೊರಗೆ ನಿಂತ. ಕಾಣದೇ ಇರಬಹುದು. ಒಂದು ಕಣ್ಣು ಮಾತ್ರ ತಾನೇ ತೆರೆದಿರುವುದು, ಇನ್ನೊಂದಕ್ಕೆ ಪೊರೆ ಇದ್ದೇ ಇದೆ. ಕಂಡರೂ ನೆನಪಿರಲಿಕ್ಕಿಲ್ಲ, ಒಂದು ಪಾತ್ರೆಯ ತಳದ ನಗ್ಗನ್ನು ಯಾರು ಇಷ್ಟು ಕಾಲ ನೆನಪಿಟ್ಟುಕೊಳ್ಳುತ್ತಾರೆ? ಹೀಗೆ ಅಂದುಕೊಳ್ಳುತ್ತಲೇ, ಹೆಂಡತಿಯ ಇನ್ನೊಂದು ಕಣ್ಣಿನ ಪೊರೆ ಹಾಗೇ ಇರಲಿ ಎಂದು ತಾನು ಬೇಡಿಕೊಳ್ಳುತ್ತಿರುವುದು ತಿಳಿದು ಅವನ ಮೈ ಹಿಡಿಯಷ್ಟಾಯಿತು.

ವಿಮಾನ ತಿರುಗಿತು. "ಅಯ್ಯೋ, ಎಷ್ಟು ಚೆನ್ನಾಗಿದೆಯೇ!" ಎಂದಳು ಹೆಂಡತಿ. "ಪಾರ್ಕಲ್ಲಿರೋದಕ್ಕಿಂತ ಇದೇ ನಿಜದ್ದು ಅನ್ಸುತ್ತೆ. ಈ ಚುಕ್ಕೆಗಳೇನು?"

"ರಿವೆಟ್ಟು. ಅಪ್ಪ ಹೊಡೆದಿರೋದು. ನೋಡು ಹೇಗೆ ಸೊಟ್ಟಪಟ್ಟ ಇದೆ."

"ಮದುವೇಲಿ ನನ್ನ ಪಕ್ಕ ನಿಂತಿದ್ದೂ ಹಾಗೇ."

ಇಬ್ಬರೂ ನಕ್ಕರು. ಮಗಳು ಮೂತಿಯನ್ನು ಹತ್ತಿರಕ್ಕೆ ಎಳೆದಳು. "ಇದು ನೋಡು, ಇದು ಮುಖ್ಯ. ಯುದ್ಧದಲ್ಲಿ ಗುಂಡು ತಾಗಿದ ಗುರುತು. ಇದನ್ನೇ ಮೊದಲು ತೋರಿಸ್ತೀನಿ ಎಲ್ಲರಿಗೂ." ಮೂತಿ ದೊಡ್ಡದಾಯಿತು. ಪರದೆಯ ಬೆಳಕು ಹೆಂಡತಿಯ ಮುಖದ ಮೇಲೆ ಬಿತ್ತು. ನಗು ಇನ್ನೂ ತುಟಿಯ ಮೇಲಿತ್ತು. ಅದು ಹೋಗಲಿಲ್ಲ, ಒಲೆಯಿಂದ ಇಳಿಸಿದ ಹಾಲಿನ ಹಾಗೆ ಇದ್ದಲ್ಲೇ ಕೆನೆಗಟ್ಟಿತು. ಅವಳು ಕೈ ಚಾಚಿ ಹೆಬ್ಬೆರಳನ್ನು ಪರದೆಯ ಮೇಲೆ, ನಗ್ಗಿನ ಮೇಲೆ ಇಟ್ಟಳು. ಅಳತೆ ಸರಿಯಾಗಿತ್ತು.

"ಮುಟ್ಬೇಡಮ್ಮ, ಕಲೆ ಆಗುತ್ತೆ."

ಹೆಂಡತಿ ಕೈ ತೆಗೆಯಲಿಲ್ಲ. ತಿರುಗಿ ಅವನನ್ನು ನೋಡಲೂ ಇಲ್ಲ. ಅವನು ಅವಳ ಬೆನ್ನನ್ನು, ಜಡೆಯ ಕೊನೆಯನ್ನು, ಕತ್ತಿನ ಹತ್ತಿರ ಬಿಟ್ಟಿದ್ದ ರವಿಕೆಯ ಹೊಲಿಗೆಯನ್ನು ನೋಡುತ್ತ ನಿಂತ. ಬೈದರೆ ಸಾಕಾಗಿತ್ತು. ಮಗಳ ಮುಂದೆ ಬೈದರೂ ಸಾಕಾಗಿತ್ತು.

"ಗುಂಡು ಅಂತ ಬರೀಬೇಡ," ಎಂದಳು ಕೊನೆಗೆ.

"ಯಾಕೆ?"

"ನೀನು ನೋಡಿದ್ಯಾ ಗುಂಡು ತಾಗಿದ್ದನ್ನ?"

"ಅಪ್ಪ ಹೇಳಿದ್ರಲ್ಲ, ಆಗ್ಲೇ ಇತ್ತು ಅಂತ."

"ಆಗ್ಲೇ ಇತ್ತು," ಎಂದಳು ಹೆಂಡತಿ. ಅವನ ಮಾತನ್ನೇ ಅವನ ದನಿಯಲ್ಲೇ ಹೇಳಿದ ಹಾಗಿತ್ತು. "ಇವತ್ತು ಕಳಿಸ್ಬೇಡ. ಸಂಜೆ ತನಕ ತಡಿ. ನಾನು ಒಂದು ಕಡೆ ಹೋಗಿ ಬರ್ತೀನಿ." ಎದ್ದು ಅವನ ಪಕ್ಕದಲ್ಲೇ ಹೊರಗೆ ಬಂದು, ಗೂಟದಲ್ಲಿದ್ದ ಚೀಲ ತೆಗೆದುಕೊಂಡು, ಅವನ ಕಡೆ ನೋಡದೆ, "ಚಪ್ಪಲಿ ಹಾಕ್ಕೊಳ್ಳಿ," ಎಂದಳು.

ಬೀದಿಯಲ್ಲಿ ಅವಳು ಮುಂದೆ, ಅವನು ಹಿಂದೆ. ಮುಂಚೆ ಕೈ ಹಿಡಿದು ಕರೆದುಕೊಂಡು ಹೋಗಬೇಕಾಗಿತ್ತು. ಈಗ ಅವಳೇ ಗುಂಡಿ ನೋಡಿ, ಸೈಕಲ್ಲು ನೋಡಿ ನಡೆಯುತ್ತಿದ್ದಳು. ಪಾರ್ಕಿನ ಬೇಲಿಯ ಹತ್ತಿರ ನಿಂತು, ಹಣೆಗೆ ಕೈಯಿಟ್ಟು, ಕಂಬದ ಮೇಲಿನ ವಿಮಾನವನ್ನು ನೋಡಿದಳು. ಅಲ್ಲಿಂದ ಹೊಟ್ಟೆ ಕಾಣುತ್ತಿತ್ತು, ಪಂಖದ ಕೆಳಭಾಗ ಕಾಣುತ್ತಿತ್ತು. ಮೇಲಿನದು ಕಾಣುತ್ತಿರಲಿಲ್ಲ. "ಒಳಗೆ ಇನ್ನೂ ನೀಲಿ ಇರುತ್ತೇನೋ," ಎಂದಳು, ಅವನಿಗೋ ತನಗೋ. ಅವನು ಬಾಯಿ ತೆರೆದ. ಅವಳು ಆಗಲೇ ಹೊರಟಿದ್ದಳು. ದಾರಿಯುದ್ದಕ್ಕೂ ಅವನು ಮಾತು ಕೂಡಿಸಿಕೊಂಡ. ಹೊಲಿಗೆಯವಳ ಮುಂದೆ ಹೆಂಡತಿ ಹೇಳಿ ಎನ್ನುತ್ತಾಳೆ, ತಾನು ಹೇಳಬೇಕು. ಮೊದಲು ಪಾತ್ರೆಯಿಂದ ಶುರು ಮಾಡುವುದೋ, ಉಸ್ತುವಾರಿಯವನಿಂದಲೋ? ಉಸ್ತುವಾರಿಯವನು ತುಂಬ ಕೆಟ್ಟವನಾಗಿದ್ದ ಎಂದರೆ? ಅವನು ಕೆಟ್ಟವನಾಗಿರಲಿಲ್ಲ. ಸತ್ತುಹೋದವನ ಮೇಲೆ ಇದೊಂದನ್ನೂ ಹೊರಿಸಲು ಹೊರಟೆನಲ್ಲ ಎನಿಸಿ ಕೂಡಿಸಿಕೊಂಡದ್ದೆಲ್ಲ ಚದುರಿತು.

ಹೊಲಿಗೆಯವಳ ಮನೆ ಒಂದೇ ಕೋಣೆ. ಬಾಗಿಲು ತೆರೆದಿತ್ತು. ಯಂತ್ರದ ಮೇಲೆ ಬಟ್ಟೆ ಮುಚ್ಚಿ, ಅದರ ಮೇಲೆ ನೀರಿನ ಹೂಜಿ ಇಟ್ಟಿದ್ದರು. ಅವಳು ನೆಲದ ಮೇಲೆ ಕೂತು ಬೆರಳುಗಳಿಂದಲೇ ಗುಂಡಿಗಳನ್ನು ದೊಡ್ಡದು ಸಣ್ಣದು ಬೇರೆ ಮಾಡುತ್ತಿದ್ದಳು. ತಲೆಯೆತ್ತದೆ, "ಯಾರು?" ಎಂದಳು.

"ನಾನು ಕಣೇ," ಎಂದಳು ಹೆಂಡತಿ.

ಗುಂಡಿಗಳ ಸದ್ದು ನಿಂತಿತು. "ಇನ್ನೊಬ್ಬರು ಯಾರಿದ್ದಾರೆ? ಹೊಸಿಲಲ್ಲೇ ನಿಂತಿದ್ದಾರಲ್ಲ. ಡಬ್ಬಿಯಣ್ಣಾನಾ?" ಎಂದಳು. ಅವನು ಕೆಮ್ಮಿದ. "ಹೂಂ, ಅವರೇ. ಬನ್ನಿ ಒಳಗೆ. ಇಲ್ಲೇನು ಕಚ್ಚೋ ನಾಯಿ ಇಲ್ಲ, ನಾನೊಬ್ಳೇ ಇರೋದು."

ಅವನು ಒಳಗೆ ಬಂದು ಗೋಡೆಗೆ ಅಂಟಿ ನಿಂತ. ಹೆಂಡತಿ ಅವಳ ಎದುರಿಗೆ ನೆಲದ ಮೇಲೆ ಕೂತಳು. ಈಗ ಅವಳು ತನ್ನ ಕಡೆ ತಿರುಗುತ್ತಾಳೆ, ಈಗ ಹೇಳಿ ಎನ್ನುತ್ತಾಳೆ ಎಂದು ಅವನು ಕಾದ. ಅವಳು ತಿರುಗಲಿಲ್ಲ.

"ಪಾತ್ರೆ ಸಿಕ್ತು ಕಣೇ," ಎಂದಳು. "ನಮ್ಮನೇಲೇ ಇತ್ತು. ಅಟ್ಟದ ಮೇಲೆ ಹಳೇ ಚಾಪೆ ಹಿಂದೆ ನಾನೇ ಇಟ್ಟು ಮರ್ತಿದ್ದೆ. ನಂದೇ ತಪ್ಪು. ಅಷ್ಟು ಜನರೆದುರು ನಿನ್ನ ಪಾತ್ರೆ ಎಲ್ಲ ಹೊರಗೆ ತರಿಸ್ದೆ. ಯಾರ ಹತ್ರಾನೂ ಏನೂ ಹೇಳೋಕೆ ಮುಖ ಇಲ್ಲ ನಂಗೆ."

ಅವನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮೊದಲು ಬಂದದ್ದು ನಿರಾಳ. ಬಿಸಿಲಲ್ಲಿ ನಡೆದು ಬಂದವನಿಗೆ ನೆರಳು ಸಿಕ್ಕಿದ ಹಾಗೆ, ಕಾಲಿನಿಂದ ಏರಿ ಎದೆಯವರೆಗೆ ಬಂದ ತಣ್ಣನೆಯ ನಿರಾಳ. ಮುಗಿಯಿತು. ಯಾರೂ ಏನೂ ಕೇಳುವುದಿಲ್ಲ. ಹಾಗೆ ಅನಿಸಿದ್ದು ತನಗೇ ಎಂದು ಗೊತ್ತಾಗುತ್ತಲೇ ಅವನಿಗೆ ಅಂಗಳದ ಕನ್ನಡಿ ಕಂಡಿತು, ಒಂದು ಕೆನ್ನೆಯ ನೊರೆ ಕಂಡಿತು. ಅಂದು ತಿರುಗಿಕೊಂಡ ಹಾಗೇ ಇಂದೂ ತಿರುಗಿಕೊಳ್ಳಲು ಕತ್ತು ತಾನಾಗಿ ಜಾಗ ಹುಡುಕುತ್ತಿತ್ತು. ಈ ಕೋಣೆಯಲ್ಲಿ ಕನ್ನಡಿ ಇರಲಿಲ್ಲ.

ಹೊಲಿಗೆಯವಳು ಒಂದು ಗುಂಡಿಯನ್ನು ಬೆರಳುಗಳ ನಡುವೆ ತಿರುಗಿಸುತ್ತ ಕೂತಳು. ಆಮೇಲೆ ಅವಳ ಮುಖ ನಿಧಾನವಾಗಿ ಬಿಡಿಸಿಕೊಂಡಿತು. "ನಂಗೊತ್ತಿತ್ತು," ಎಂದಳು. "ಎಲ್ಲೋ ಇರುತ್ತೆ ಅಂತ. ಅಷ್ಟು ದೊಡ್ಡ ಪಾತ್ರೆ ಎಲ್ಲಿ ಹೋಗುತ್ತೆ? ನಿನ್ನ ಮರೆವು ನಂಗೊತ್ತಿಲ್ವಾ, ಒಲೆ ಮೇಲೆ ಹಾಲಿಟ್ಟು ನಮ್ಮನೆಗೆ ಬಂದು ಹರಟೋಳು." ಹೆಂಡತಿ ನಗಲು ಹೋದಳು, ಆಗಲಿಲ್ಲ. "ಅಳ್ಬೇಡ ಬಿಡೇ. ಆಪರೇಷನ್ ಆಗಿದೆ, ಕಣ್ಣಲ್ಲಿ ನೀರು ತರ್ಬಾರ್ದು. ಆಸ್ಪತ್ರೇಲಿ ನೀನು ಪಕ್ಕದಲ್ಲೇ ಕೂತಿದ್ದು ನಂಗೆ ಗೊತ್ತಾಯ್ತು. ನೀನಾಗೇ ಮಾತಾಡ್ತೀಯೇನೋ ಅಂತ ಕಾದೆ." ತೊಡೆಯ ಮೇಲಿನ ಗುಂಡಿಗಳನ್ನು ಪಕ್ಕಕ್ಕೆ ಸರಿಸಿ, ಸೀರೆಗೆ ಕೈ ಒರೆಸಿಕೊಂಡು, ಎರಡೂ ಅಂಗೈಗಳನ್ನು ಮುಂದೆ ಚಾಚಿದಳು. "ತಂದಿದ್ದೀಯಾ? ಕೊಡು. ಕಾಣ್ದಿದ್ರೆ ಏನಾಯ್ತು, ನನ್ನ ರುಜು ಮುಟ್ಟಿ ನೋಡ್ತೀನಿ."

ಹೆಂಡತಿಯ ಚೀಲ ಅವಳ ಮಡಿಲಲ್ಲಿ ಚಪ್ಪಟೆಯಾಗಿ ಬಿದ್ದಿತ್ತು. ಅವಳು ಅದರ ಹಿಡಿಯನ್ನು ಗಂಟು ಹಾಕಿದಳು, ಬಿಚ್ಚಿದಳು. ಅಟ್ಟದವರೆಗೆ ಹೇಗೋ ಸುಳ್ಳು ಕಟ್ಟಿಕೊಂಡು ಬಂದಿದ್ದಳು. ಅದರಾಚೆ ಅವಳ ಹತ್ತಿರ ಏನೂ ಇರಲಿಲ್ಲ. ಚಾಚಿದ ಕೈಗಳು ಹಾಗೇ ಇದ್ದವು. ಬೆರಳ ತುದಿಗಳಲ್ಲಿ ಸೂಜಿಯ ಹಳೆಯ ಚುಕ್ಕೆಗಳು. ಆ ಅಂಗೈಗಳು ಎಷ್ಟು ಸರಿಯಾಗಿ ಬಾಗಿದ್ದವೆಂದರೆ, ನಡುವೆ ಪಾತ್ರೆಯ ತಳದ ದುಂಡು ಕಣ್ಣಿಗೆ ಕಟ್ಟುತ್ತಿತ್ತು. ಹೆಂಡತಿ ತಲೆಯೆತ್ತಿ, ಮನೆಯಿಂದ ಹೊರಟಾಗಿನಿಂದ ಮೊದಲ ಸಲ, ಅವನನ್ನು ನೋಡಿದಳು. ಹೇಳಿ ಎಂದಲ್ಲ, ಬೇಡ ಎಂದೂ ಅಲ್ಲ. ಸುಮ್ಮನೆ ನೋಡಿದಳು. ಆ ಕಣ್ಣಿನಲ್ಲಿ ಬಾಗಿಲು, ಬಾಗಿಲ ಬೆಳಕು, ಅದರ ಮುಂದೆ ಗೋಡೆಗೆ ಅಂಟಿ ನಿಂತ ಒಬ್ಬ ಮುದುಕ.

"ಭಾರ ಇದೆಯೇನೇ?" ಎಂದಳು ಹೊಲಿಗೆಯವಳು, ಕೈ ಹಿಂದೆಗೆಯದೆ. "ಇಬ್ಬರೂ ಸೇರಿ ಎತ್ತೋಣ. ಈ ಸಲ ಬಿಡಲ್ಲ."

ಅವನು ಗೋಡೆ ಬಿಟ್ಟು ಬಂದು ಅವಳೆದುರು ಕುಕ್ಕರುಗಾಲಲ್ಲಿ ಕೂತ. ಮೊಣಕಾಲು ಸದ್ದು ಮಾಡಿತು. ಅವಳ ಮುಖ ಆ ಸದ್ದಿನ ಕಡೆ ತಿರುಗಿತು.

"ಪಾತ್ರೆ ಪಾರ್ಕಲ್ಲಿದೆಯಮ್ಮಾ," ಎಂದ.